ಮೈಸೂರಿನ ಎಂಜಿನ್, ಉಸ್ತಾದರ ಕೈ

ಮೈಸೂರಿನ ಚರಿತ್ರೆ ಎಂದೊಡನೆ ನಮಗೆ ಅರಮನೆ, ದಸರಾ, ರೇಷ್ಮೆ ನೆನಪಾಗುತ್ತವೆ. ಯಾದವಗಿರಿಯಲ್ಲಿದ್ದ ಮೋಟಾರ್‌ಸೈಕಲ್ ಕಾರ್ಖಾನೆ ನೆನಪಾಗುವುದು ಕಡಿಮೆ. ರುಸ್ತುಮ್ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪೆನಿ, ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1961ರಲ್ಲಿ ಅಲ್ಲಿ 250 ಸಿಸಿ ಜಾವಾ ಬೈಕುಗಳ ತಯಾರಿಕೆ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಆ ಬೈಕಿಗೆ ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಯೆಜ್ದಿ ಎಂಬ ಹೆಸರು ಬಂತು. ಚೆಕ್ ವಿನ್ಯಾಸ, ಇರಾನಿನ ಹೆಸರು, ಮೈಸೂರಿನ ದುಡಿಮೆ: ನಮ್ಮ ನಾಡಿನ ಕೂಡುಬಾಳ್ವೆಗೆ ಕಬ್ಬಿಣದಲ್ಲೂ ಸಾಕ್ಷಿ ಇದೆ.

1985ರಲ್ಲಿ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಬೈಕು ಬಂದ ಮೇಲೆ ಜನ ಮೈಲೇಜಿನತ್ತ ತಿರುಗಿದರು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಬೈಕುಗಳು ನಿಲ್ಲಲಿಲ್ಲ. ಕಾರ್ಖಾನೆಯ ಉಳಿದ ಚರಿತ್ರೆ ಮನೆಗಳ ಪಡಸಾಲೆಯಲ್ಲಿ, ಗಲ್ಲಿಯ ಗ್ಯಾರೇಜುಗಳಲ್ಲಿ ನಡೆಯಿತು.

ಈ ಟೂ ಸ್ಟ್ರೋಕ್ ಎಂಜಿನ್ನನ್ನು ಮನೆಯಲ್ಲೇ ಬಿಚ್ಚಲು ಸಾಧ್ಯವಾದದ್ದು ಅದರ ಸರಳತೆಯಿಂದ. ಇದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಹೆಡ್ಡು, ಸಿಲಿಂಡರು ಎತ್ತಿ ಇಂಗಾಲ ಕೆರೆಯುವುದು ಯಾರಿಗಾದರೂ ಒಗ್ಗುವ ಕೆಲಸ. ಕಷ್ಟ ಶುರುವಾಗುವುದು ಕ್ರಾಂಕ್‌ಕೇಸನ್ನು ಎರಡು ಹೋಳು ಮಾಡಿದ ಮೇಲೆ. ಕ್ರಾಂಕಿನ ಎರಡು ಚಕ್ರಗಳನ್ನು ಪಿನ್ನಿಗೆ ಒತ್ತಿ ಕೂರಿಸಿರುತ್ತಾರೆ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದರೆ ಅವನ್ನು ಪ್ರೆಸ್ಸಿನಲ್ಲಿ ಬೇರ್ಪಡಿಸಿ, ಮತ್ತೆ ಒತ್ತಿ, ಓಲಾಡದೆ ತಿರುಗುವವರೆಗೆ ತಿದ್ದಬೇಕು. ಅದಕ್ಕೆ ಲೇತ್ ಅಂಗಡಿಗೆ ಹೋಗಲೇಬೇಕು. ಕ್ರಾಂಕಿನ ಆಯಿಲ್ ಸೀಲ್ ಸೋತಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಒಳಕ್ಕೆ ಎಳೆದುಕೊಂಡು ಸೈಲೆನ್ಸರಿನಿಂದ ಬಿಳಿ ಹೊಗೆ ಕಾರುತ್ತದೆ. ಪಿಸ್ಟನ್ ಹೊಸದು ಹಾಕಿದರೂ ಆ ಹೊಗೆ ನಿಲ್ಲದು. ಅಂಗೈಯಗಲದ ರಬ್ಬರೂ ಅಲ್ಲ, ಒಂದು ಸಣ್ಣ ಬಳೆಯಷ್ಟರ ಸೀಲು. ಅದನ್ನು ಗುರುತಿಸುವವನೇ ಮಿಸ್ತ್ರಿ.

ಮಿಸ್ತ್ರಿ ಎಂಬ ಪದ ಪೋರ್ಚುಗೀಸರಿಂದ ಬಂದದ್ದು. ಉಸ್ತಾದ್ ಎಂಬುದು ಫಾರಸಿಯದು. ಸಂಗೀತಗಾರನನ್ನು ಕರೆದ ಅದೇ ಗೌರವದ ಹೆಸರಿನಿಂದ ನಮ್ಮ ಊರುಗಳ ಹುಡುಗರು ಗ್ಯಾರೇಜಿನ ಯಜಮಾನನನ್ನೂ ಕರೆದರು. ಶಾಲೆ ಬಿಟ್ಟ ಎಷ್ಟೋ ಹುಡುಗರಿಗೆ ಆ ಗ್ಯಾರೇಜೇ ಮದರಸಾ, ಅದೇ ಪಾಲಿಟೆಕ್ನಿಕ್. ಅಲ್ಲಿ ಪಠ್ಯಪುಸ್ತಕವಿಲ್ಲ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಕಿವಿ, ಬೋಲ್ಟು ಎಷ್ಟು ಬಿಗಿಯಬೇಕೆಂದು ಬಲ್ಲ ಮಣಿಕಟ್ಟು, ಇವೇ ಪಾಠ.

ಜಾವಾ 2018ರಲ್ಲಿ, ಯೆಜ್ದಿ 2022ರಲ್ಲಿ ಮರಳಿ ಬಂದವು. ಆದರೆ ಬಂದದ್ದು ಹೆಸರು. ಎಂಜಿನ್ ಈಗ ಫೋರ್ ಸ್ಟ್ರೋಕ್. ಹಳೆಯ ಎಂಜಿನ್ನಿನ ವಿದ್ಯೆ ಇನ್ನೂ ಇರುವುದು ನರೆತ ತಲೆಯ ಕೆಲವರ ಕೈಯಲ್ಲಿ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಹಿಡಿಯಲಿ, ಅದು ತಪ್ಪಲ್ಲ. ಕಂಪೆನಿಯ ಒಡೆಯರ ಹೆಸರು, ತಾರೀಖುಗಳು ದಾಖಲೆಯಲ್ಲಿ ಉಳಿದಿವೆ. ಎಂಜಿನ್ ಜೋಡಿಸಿದ ಕಾರ್ಮಿಕನ, ಅದನ್ನು ದಶಕಗಳ ಕಾಲ ಬದುಕಿಸಿದ ಉಸ್ತಾದನ ಮಾತನ್ನು ನಾವು ಬರೆದಿಟ್ಟುಕೊಂಡಿಲ್ಲ. ಅವರ ಬಳಿ ಕೂತು ಕೇಳಿ, ಕನ್ನಡದಲ್ಲಿ ಬರೆದಿಡಲು ಇನ್ನೂ ಸಮಯವಿದೆ. ಬಹಳ ಇಲ್ಲ.