ಪಲಾಸ್ಟ್ ಡೆರ್ ರೆಪುಬ್ಲಿಕ್

ಪಲಾಸ್ಟ್ ಡೆರ್ ರೆಪುಬ್ಲಿಕ್, ಅಂದರೆ ಗಣರಾಜ್ಯದ ಅರಮನೆ, ಪೂರ್ವ ಜರ್ಮನಿಯ ಸಂಸತ್ತಾದ ಫೋಕ್ಸ್‌ಕಾಮರ್ 1976ರಿಂದ 1990ರವರೆಗೆ ಸೇರುತ್ತಿದ್ದ, ಈಗ ಕುರುಹಿಲ್ಲದಂತೆ ಅಳಿದುಹೋಗಿರುವ ಬರ್ಲಿನ್ ನಗರದ ಕಟ್ಟಡ. ಇದು ನಿಂತಿದ್ದ ಶ್ಪ್ರೇ ನದಿಯ ನಡುಗಡ್ಡೆಯಲ್ಲಿ ಮೊದಲು ಹೋಹೆನ್‌ಜೊಲರ್ನ್ ದೊರೆಗಳ ಅರಮನೆಯಿತ್ತು. 1945ರ ಬಾಂಬ್ ದಾಳಿಯಲ್ಲಿ ಸುಟ್ಟರೂ ಅದರ ಗೋಡೆಗಳು ಉಳಿದಿದ್ದವು. ಪ್ರಷ್ಯದ ಸೈನಿಕಶಾಹಿಯ ಕುರುಹೆಂದು ಬಗೆದ, ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್‌ಬ್ರಿಕ್ಟ್‌ನ ಆಡಳಿತ 1950ರಲ್ಲಿ ಅವನ್ನು ಸಿಡಿಮದ್ದಿಟ್ಟು ಉರುಳಿಸಿತು. 1918ರಲ್ಲಿ ಕಾರ್ಲ್ ಲೀಬ್‌ಕ್ನೆಕ್ಟ್ ಸಮಾಜವಾದಿ ಗಣರಾಜ್ಯವನ್ನು ಘೋಷಿಸಿದನೆನ್ನಲಾದ ಒಂದು ದ್ವಾರವನ್ನು ಮಾತ್ರ ಉಳಿಸಿಕೊಂಡು, ಪಕ್ಕದಲ್ಲೇ ಕಟ್ಟಿದ, ದೇಶದ ಮುಖ್ಯಸ್ಥನ ಸ್ಥಾನದಲ್ಲಿದ್ದ ರಾಜ್ಯಮಂಡಳಿಯ ಭವನಕ್ಕೆ ಅಳವಡಿಸಲಾಯಿತು.

ಮುಂದಿನ ನಾಯಕ ಎರಿಕ್ ಹೊನೆಕರ್‌ನ ಕಾಲದಲ್ಲಿ, 1973ರಲ್ಲಿ, ಹೈನ್ಸ್ ಗ್ರಾಫುಂಡರ್ ನೇತೃತ್ವದ ವಾಸ್ತುಶಿಲ್ಪಿಗಳ ತಂಡ ಈ ಬಯಲಿನಲ್ಲಿ ಕಟ್ಟಡ ಕೆಲಸ ಆರಂಭಿಸಿತು. 1976ರ ಏಪ್ರಿಲ್ 23ರಂದು ಉದ್ಘಾಟನೆ ನಡೆಯಿತು. 180 ಮೀ. ಉದ್ದದ ಈ ಭವನದ ಉಕ್ಕಿನ ಚೌಕಟ್ಟಿಗೆ ಬಿಳಿ ಅಮೃತಶಿಲೆಯನ್ನೂ ಕಂಚಿನ ಬಣ್ಣದ ಪ್ರತಿಫಲಕ ಗಾಜನ್ನೂ ಹೊದಿಸಲಾಗಿತ್ತು. ಒಂದು ಬದಿಯಲ್ಲಿ ಸಂಸತ್ತಿನ ಚಿಕ್ಕ ಸಭಾಂಗಣ, ಇನ್ನೊಂದು ಬದಿಯಲ್ಲಿ ಸುಮಾರು 5,000 ಜನ ಹಿಡಿಸುವ ಷಟ್ಕೋನಾಕಾರದ ದೊಡ್ಡ ಸಭಾಂಗಣ, ನಡುವೆ ವಿಶಾಲವಾದ ಮೊಗಸಾಲೆ ಇದ್ದವು. ಮೊಗಸಾಲೆಯ ಚಾವಣಿಯಿಂದ ಇಳಿಬಿದ್ದ ಲೆಕ್ಕವಿಲ್ಲದಷ್ಟು ದೀಪಗಳನ್ನು ಕಂಡು ಊರಿನವರು ಇದನ್ನು ‘ಎರಿಕ್‌ನ ದೀಪದಂಗಡಿ’ ಎಂದು ಗೇಲಿಮಾಡುತ್ತಿದ್ದರು. ಹೋಟೆಲು, ರಂಗಮಂದಿರ, ಬೌಲಿಂಗ್ ಅಂಕಣಗಳಿದ್ದ ಈ ಭವನಕ್ಕೆ ಜನಸಾಮಾನ್ಯರು ಊಟಕ್ಕೂ ನೃತ್ಯಕ್ಕೂ ಧಾರಾಳವಾಗಿ ಬರುತ್ತಿದ್ದರು. ಅಧಿಕಾರದ ಕೇಂದ್ರಗಳೆಲ್ಲ ಮುಚ್ಚಿದ ಬಾಗಿಲಿನವಾಗಿದ್ದ ಆ ದೇಶದಲ್ಲಿ ಇದು ಸಣ್ಣ ಮಾತಲ್ಲ.

ನಿಜ ಹೇಳಬೇಕೆಂದರೆ, ಬಹುಕಾಲ ಈ ಕಟ್ಟಡದಲ್ಲಿ ಅತ್ಯಂತ ಕಡಿಮೆ ಮಹತ್ವದ ಕೆಲಸ ನಡೆಯುತ್ತಿದ್ದುದು ಸಂಸತ್ತಿನ ಸಭಾಂಗಣದಲ್ಲೇ. ಒಂದೇ ಪಟ್ಟಿಯಿಂದ ಆಯ್ಕೆಯಾಗಿ ಬಂದ 500 ಸದಸ್ಯರು ವರ್ಷಕ್ಕೆ ಕೆಲವೇ ದಿನ ಸೇರಿ, ಆಳುವ ಕಮ್ಯುನಿಸ್ಟ್ ಪಕ್ಷ ಮೊದಲೇ ತೀರ್ಮಾನಿಸಿದ್ದಕ್ಕೆ ಕೈಯೆತ್ತಿ ಒಪ್ಪಿಗೆ ಕೊಡುತ್ತಿದ್ದರು. 1989ರ ಅಕ್ಟೋಬರ್‌ನಲ್ಲಿ ಎಗೋನ್ ಕ್ರೆಂಟ್ಸ್‌ನನ್ನು ರಾಜ್ಯಮಂಡಳಿಯ ಅಧ್ಯಕ್ಷನನ್ನಾಗಿ ಆರಿಸುವಾಗ 26 ವಿರುದ್ಧ ಮತಗಳು ಬಿದ್ದದ್ದೇ ಬಿರುಕಿನ ಗುರುತು. 1990ರ ಮಾರ್ಚ್ 18ರ ಮುಕ್ತ ಚುನಾವಣೆಯಲ್ಲಿ ಗೆದ್ದ 400 ಸದಸ್ಯರು ಏಪ್ರಿಲ್ 5ರಂದು ಇಲ್ಲಿ ಸೇರಿದ ಮೇಲೆಯೇ ಇದು ನಿಜವಾದ ಸಂಸತ್ ಭವನವಾಯಿತು. ಆಗಸ್ಟ್ 23ರ ನಸುಕಿನಲ್ಲಿ ಆ ಸಂಸತ್ತು 62ರ ವಿರುದ್ಧ 294 ಮತಗಳಿಂದ ಪಶ್ಚಿಮ ಜರ್ಮನಿಯ ಗಣರಾಜ್ಯವನ್ನು ಸೇರಲು ನಿರ್ಧರಿಸಿ, ತನ್ನ ರಾಜ್ಯದ ಅಂತ್ಯವನ್ನು ತಾನೇ ನಿಗದಿಪಡಿಸಿತು.

ಬೆಂಕಿಯಿಂದ ಉಕ್ಕನ್ನು ಕಾಪಾಡಲೆಂದು ಚೌಕಟ್ಟಿಗೆ ಸಿಂಪಡಿಸಿದ್ದ ಕಲ್ನಾರು, ಎಂದರೆ ಎಳೆಗಳು ಉಸಿರಿನೊಡನೆ ಒಳಸೇರಿದರೆ ಕ್ಯಾನ್ಸರ್ ತರಬಲ್ಲ ಖನಿಜ, ಅಪಾಯಕಾರಿಯೆಂದು ಸೆಪ್ಟೆಂಬರ್ 19ರಂದು ಭವನವನ್ನು ಮುಚ್ಚಲಾಯಿತು. ಏಕೀಕರಣಕ್ಕೆ ಆಗ ಎರಡು ವಾರ ಮಾತ್ರ ಉಳಿದಿತ್ತು. ಕಟ್ಟಡ ಕೆಡವಿದ್ದಕ್ಕೆ ಕಲ್ನಾರನ್ನೇ ಕಾರಣವೆಂದು ಹೇಳುವುದುಂಟಾದರೂ ಅದು ಪೂರ್ತಿ ಸರಿಯಲ್ಲ: 1998ರಿಂದ 2003ರೊಳಗೆ ಅದನ್ನು ತೆಗೆದುಹಾಕಿ, ಬರೀ ಅಸ್ಥಿಪಂಜರವನ್ನು ಉಳಿಸಲಾಗಿತ್ತು. ಹಳೆಯ ಅರಮನೆಯನ್ನು ಮತ್ತೆ ಕಟ್ಟಬೇಕೆಂಬ ಜರ್ಮನ್ ಸಂಸತ್ತಿನ 2002ರ ನಿರ್ಣಯವೇ ನಿರ್ಣಾಯಕವಾಯಿತು. 2005ರಲ್ಲಿ ನಾರ್ವೆಯ ಕಲಾವಿದ ಲಾರ್ಸ್ ರಾಂಬರ್ಗ್ ಈ ಅಸ್ಥಿಪಂಜರದ ಚಾವಣಿಯ ಮೇಲೆ ‘ಸಂಶಯ’ ಎಂಬರ್ಥದ ಜರ್ಮನ್ ಪದವನ್ನು ದೊಡ್ಡ ಅಕ್ಷರಗಳಲ್ಲಿ ನಿಲ್ಲಿಸಿದ್ದನು.

2006ರ ಫೆಬ್ರವರಿಯಿಂದ 2008ರ ಡಿಸೆಂಬರ್‌ವರೆಗೆ ಕಟ್ಟಡವನ್ನು ಸಿಡಿಸದೆ ತುಂಡುತುಂಡಾಗಿ ಬಿಚ್ಚಲಾಯಿತು. ಅಂತರ್ಜಲದ ಮಟ್ಟ ಮೇಲಿದ್ದ ಆ ನೆಲದಲ್ಲಿ, ಮೇಲಿನ ಭಾರ ಕಡಿಮೆಯಾದಂತೆ ಕಾಂಕ್ರೀಟಿನ ತಳತೊಟ್ಟಿ ಮೇಲೇಳಬಾರದೆಂದು ಅದಕ್ಕೆ ಮರಳು ತುಂಬಲಾಯಿತು. ಉಕ್ಕಿನ ಒಂದು ಭಾಗ ದುಬೈನ ಬುರ್ಜ್ ಖಲೀಫಾ ನಿರ್ಮಾಣಕ್ಕೆ ಮಾರಾಟವಾಯಿತೆಂದು ವರದಿಯಾಗಿದೆ. ಅದೇ ಜಾಗದಲ್ಲಿ ಫ್ರಾಂಕೊ ಸ್ಟೆಲ್ಲಾ ವಿನ್ಯಾಸಗೊಳಿಸಿದ ಹುಂಬೋಲ್ಟ್ ಫೋರುಮ್ ಎಂಬ ಸಂಗ್ರಹಾಲಯ ಸಂಕೀರ್ಣ ಈಗ ನಿಂತಿದ್ದು, ಅದರ ಮೂರು ಹೊರಮುಖಗಳು ದೊರೆಗಳ ಅರಮನೆಯ ಪ್ರತಿರೂಪಗಳಾಗಿವೆ. ನದಿಯ ಕಡೆಯ ಗೋಡೆಯೊಂದು ಮಾತ್ರ ಆಧುನಿಕ ಶೈಲಿಯದು.