ಹಳೆಯ ವಾಹನಗಳ ಇಂಜಿನ್ ಶಬ್ದ ಮತ್ತು ಆಯಿಲ್ ಪ್ರೆಶರ್ ಕುಸಿತ: ಅರ್ಜಿದಾರರಿಗೆ ಮಾಹಿತಿ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹಳೆಯ ಜೀಪು, ಟೆಂಪೊ ಮತ್ತು ಲಾರಿಗಳನ್ನು ಹೊಂದಿರುವ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 56ರ ಮೇರೆಗೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ (ಎಫ್.ಸಿ.) ಕಡ್ಡಾಯವಾಗಿದ್ದು, 8 ವರ್ಷ ಮೀರಿದ ವಾಹನಗಳಿಗೆ ಪ್ರತಿ ವರ್ಷ ನವೀಕರಿಸಿಕೊಳ್ಳತಕ್ಕದ್ದು. ತಪಾಸಣೆಗೆ ಹೊರಡುವ ಮುನ್ನವೇ ಇಂಜಿನ್ನಿನ ಸ್ಥಿತಿಯನ್ನು ಅರಿತುಕೊಳ್ಳುವುದು ಸೂಕ್ತ.

ಚಾಲನೆಯಲ್ಲಿರುವಾಗ ಆಯಿಲ್ ದೀಪ ಹೊತ್ತಿಕೊಂಡರೆ ವಾಹನವನ್ನು ರಸ್ತೆಯ ಬದಿಗೆ ತಂದು ಕೂಡಲೇ ಇಂಜಿನ್ ನಿಲ್ಲಿಸತಕ್ಕದ್ದು. ಮುಂದಿನ ಊರಿನವರೆಗೆ ಹೇಗೋ ಹೋಗಬಹುದೆಂಬ ಎಣಿಕೆಯಿಂದಲೇ ಅನೇಕ ಕ್ರ್ಯಾಂಕ್ ಶಾಫ್ಟುಗಳು ಹಾಳಾಗುತ್ತವೆ. ಕೆಲವು ನಿಮಿಷಗಳ ನಂತರ, ಸಮತಟ್ಟಾದ ನೆಲದಲ್ಲಿ, ಅಳತೆ ಕಡ್ಡಿಯಿಂದ ಆಯಿಲ್ ಮಟ್ಟವನ್ನು ನೋಡಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ಡೀಸೆಲ್ ವಾಸನೆ ಬಂದರೆ ಇಂಧನ ಬೆರೆತು ಆಯಿಲ್ ತೆಳುವಾಗಿದೆ.

ಮಟ್ಟ ಸರಿಯಿದ್ದೂ ದೀಪ ಆರದಿದ್ದಲ್ಲಿ, ದೋಷವು ದೀಪದ ಸ್ವಿಚ್ಚಿನಲ್ಲಿಯೇ ಇರಬಹುದು. ಆದುದರಿಂದ ಇಂಜಿನ್ ಬಿಚ್ಚಿಸುವುದಕ್ಕೆ ಮೊದಲು, ಸ್ವಿಚ್ಚಿನ ಜಾಗದಲ್ಲಿ ಪ್ರೆಶರ್ ಗೇಜ್ ಜೋಡಿಸಿ ಅಳೆಯುವಂತೆ ಮೆಕ್ಯಾನಿಕ್‌ರನ್ನು ಕೋರಬೇಕು. ಇಂಜಿನ್ ಪೂರ್ಣ ಬಿಸಿಯಾದ ಮೇಲೆ ಅಳೆಯುವುದು ಮುಖ್ಯ: ತಣ್ಣಗಿರುವಾಗ ಆಯಿಲ್ ಗಟ್ಟಿಯಾಗಿದ್ದು ಸವೆತವನ್ನು ಮರೆಮಾಡುತ್ತದೆ. ಪ್ರತಿ 1000 ಸುತ್ತುಗಳ ವೇಗಕ್ಕೆ ಸುಮಾರು 10 ಪೌಂಡು (ಪಿ.ಎಸ್.ಐ.) ಒತ್ತಡವಿರಬೇಕೆಂಬುದು ಸ್ಥೂಲ ಲೆಕ್ಕ, ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಒತ್ತಡ ನಿಜಕ್ಕೂ ಕಡಿಮೆಯಿದ್ದರೆ ಫಿಲ್ಟರ್, ಸಂಪಿನ ಜಾಲರಿ, ಆಯಿಲ್ ಪಂಪು, ಕೊನೆಗೆ ಬೇರಿಂಗುಗಳನ್ನು ಪರೀಕ್ಷಿಸಬೇಕಾಗುತ್ತದೆ.

ಒತ್ತಡ ಸರಿಯಿದ್ದು ಮೇಲ್ಭಾಗದಿಂದ ಹಗುರವಾದ ಟಿಕ್‌ಟಿಕ್ ಶಬ್ದ ಮಾತ್ರ ಬರುತ್ತಿದ್ದರೆ, ಬಹುತೇಕ ಟ್ಯಾಪೆಟ್ ಹೊಂದಾಣಿಕೆಯಿಂದ ಸರಿಹೋಗುತ್ತದೆ, ಖರ್ಚು ಅಲ್ಪ. ತಣ್ಣಗಿರುವಾಗ ಕೇಳಿಸಿ ಬಿಸಿಯಾದಂತೆ ಅಡಗುವ ಶಬ್ದಕ್ಕೆ ಹೊಗೆ ಕೊಳವೆಯ ಗ್ಯಾಸ್ಕೆಟ್ ಸೋರಿಕೆ ಕಾರಣವಾಗಿರಬಹುದು. ಕೆಳಭಾಗದಿಂದ, ಹೊರೆ ಬಿದ್ದಾಗ ಹೆಚ್ಚಾಗುವ ಭಾರವಾದ ಬಡಿತ ಬೇರಿಂಗಿನದು. ಅಂತಹ ವಾಹನವನ್ನು ಚಲಾಯಿಸಬಾರದು.

ತಪಾಸಣೆಯ ದಿನಕ್ಕೆಂದು ಗಟ್ಟಿ ಆಯಿಲ್ ತುಂಬಿಸಿ ಶಬ್ದವನ್ನು ಅಡಗಿಸುವ ರೂಢಿಯಿಂದ ದೋಷ ನಿವಾರಣೆಯಾಗುವುದಿಲ್ಲ. ಬೇಸಿಗೆಯಲ್ಲಿ ಹೊರೆ ಹೊತ್ತು ಸಾಗುವಾಗ ಅದು ಮತ್ತೆ ತಲೆದೋರುತ್ತದೆ.

ದುರಸ್ತಿಯ ವೇಳೆ ಇಂಜಿನ್ನನ್ನೇ ಬದಲಾಯಿಸಿದಲ್ಲಿ, ಕಲಂ 52ರ ಮೇರೆಗೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಹೊಸ ಇಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ (ಆರ್.ಸಿ.) ನಮೂದಿಸಿಕೊಳ್ಳತಕ್ಕದ್ದು. ಖರೀದಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.