ಮಗೇಲಾ ಹೊಳೆಯ ಚಿಗಟ

ಇವತ್ತಿನ ಕತೆ ಶುರುವಾಗೋದು ಸಾಸಿವೆ ಕಾಳಿನಷ್ಟು, ಹೆಚ್ಚಂದ್ರೆ ಅದಕ್ಕಿಂತ ಚೂರು ದೊಡ್ಡದಿರುವ ಒಂದು ಜೀವಿಯಿಂದ. ಹೆಸರು ಡಾಫ್ನಿಯಾ ಮ್ಯಾಗ್ನಾ. ನೀರಿನ ಚಿಗಟ ಅನ್ನಿ. ಒಂದು ಕೀಟನಾಶಕವೋ ಬಣ್ಣವೋ ಕೆರೆಗೆ ಸೇರಿದರೆ ಎಷ್ಟು ಅಪಾಯ ಅಂತ ತಿಳಿಯೋಕೆ ಜಗತ್ತಿನ ಲ್ಯಾಬ್‌ಗಳು ಇದನ್ನೇ ನೆಚ್ಚಿಕೊಂಡಿವೆ. ಸಾಕೋದು ಸುಲಭ, ಗಂಡಿಲ್ಲದೆಯೂ ಮರಿ ಹಾಕುತ್ತೆ. 20 ಡಿಗ್ರಿ ಆಸುಪಾಸಿನ ನೀರಿನಲ್ಲಿ 48 ಗಂಟೆ ಬಿಟ್ಟು, ಎಷ್ಟು ಚಿಗಟಗಳು ಅಲುಗಾಡದೆ ನಿಂತವು ಅಂತ ಎಣಿಸಿದರೆ ಪರೀಕ್ಷೆ ಮುಗೀತು.

ಮೀನಿನ ಪಟ್ಟಿಯಲ್ಲಿ ನಮ್ಮ ಕಡೆಯದೂ ಒಂದಿದೆ, ಜೀಬ್ರಾಫಿಶ್. 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಅದನ್ನು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿ ಬರೆದನಲ್ಲ ಬುಕಾನನ್, ಅದೇ ಮನುಷ್ಯ!

ಸರಿ, ವಿಷಯಕ್ಕೆ ಬರ್ತೀನಿ. ಎಲ್ಲೋ ಸಾಕಿದ ಚಿಗಟ ಇನ್ನೆಲ್ಲೋ ಹರಿಯೋ ನೀರಿನ ಪರವಾಗಿ ಸಾಕ್ಷಿ ಹೇಳಬಹುದಾ? ಈ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡ ಜಾಗ ಉತ್ತರ ಆಸ್ಟ್ರೇಲಿಯಾದ ಕಕಾಡು.

1970ರ ದಶಕದಲ್ಲಿ ಅಲ್ಲಿ ರೇಂಜರ್ ಯುರೇನಿಯಂ ಗಣಿಯ ಮಾತು ಬಂತು. ನೆಲದ ಮೂಲನಿವಾಸಿಗಳಾದ ಮಿರಾರ್ ಜನ ಬೇಡ ಅಂದ್ರು. ಆದರೂ ಒಪ್ಪಿಗೆ ಸಿಕ್ಕಿತು. ಪಕ್ಕದಲ್ಲೇ ಮಗೇಲಾ ಹೊಳೆ, ಅದರ ಕೆಳಗೆ ವಿಶಾಲ ಜೌಗು, ಅಲ್ಲಿಂದಲೇ ಊಟ ಹುಡುಕೋ ಜನ. ಹಾಗಾಗಿ 1978ರಲ್ಲಿ ಕಾನೂನು ಮಾಡಿ, ಗಣಿಯ ಮೇಲೆ ಕಣ್ಣಿಡೋಕೆ 'ಸೂಪರ್‌ವೈಸಿಂಗ್ ಸೈಂಟಿಸ್ಟ್' ಅನ್ನೋ ಹುದ್ದೆಯನ್ನೇ ಸೃಷ್ಟಿಸಿದರು.

ಮಗೇಲಾದ ನೀರು ವಿಚಿತ್ರ. ಬೆಚ್ಚಗಿರುತ್ತೆ, ಸ್ವಲ್ಪ ಆಮ್ಲೀಯ, ಲವಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಷ್ಟು ಮೆದುವಾದ ನೀರಿನಲ್ಲಿ ಯುರೇನಿಯಂ ವಿಷ ಇನ್ನೂ ಚುರುಕು. ತಂಪಾದ ಗಡಸು ನೀರಿಗೆ ಒಗ್ಗಿದ ಡಾಫ್ನಿಯಾ ಮ್ಯಾಗ್ನಾ ಇಲ್ಲಿನ ಕತೆ ಹೇಗೆ ಹೇಳುತ್ತೆ? ಅದಕ್ಕೇ ವಿಜ್ಞಾನಿಗಳು ಹೊಳೆಯಲ್ಲೇ ಹುಡುಕಿದರು. ಲ್ಯಾಬ್‌ನಲ್ಲಿ ಬದುಕಬೇಕು, ಬೇಗ ಸಂತಾನ ಬೆಳೆಸಬೇಕು, ವಿಷಕ್ಕೆ ತಟ್ಟನೆ ಸ್ಪಂದಿಸಬೇಕು, ಮತ್ತೆ ಮತ್ತೆ ಮಾಡಿದರೂ ಒಂದೇ ಫಲಿತಾಂಶ ಬರಬೇಕು. ಸ್ಥಳೀಯ ಅನ್ನೋದೊಂದೇ ಅರ್ಹತೆ ಸಾಲದು. ಹೀಗೆ ಆಯ್ಕೆಯಾದವುಗಳಲ್ಲಿ ಅಲ್ಲಿಯದೇ ಚಿಗಟ ಮೋಯ್ನೋಡಾಫ್ನಿಯಾ, ಮೊಗ್ಗೊಡೆದು ಮರಿಯಾಗೋ ಹಸಿರು ಹೈಡ್ರಾ, ಒಂದು ಪಾಚಿ, ನೇರಳೆ ಚುಕ್ಕೆಯ ಗಜನ್ ಮೀನು ಇದ್ದವು. ಪರೀಕ್ಷೆಗೂ ಗಣಿಗಿಂತ ಮೇಲ್ಗಡೆಯ ಹೊಳೆ ನೀರೇ. ಒಂದು ಬಸವನಹುಳುವನ್ನಂತೂ ಹೊಳೆ ದಡದಲ್ಲೇ ಇಟ್ಟು, ಎಷ್ಟು ಮೊಟ್ಟೆ ಇಡ್ತು ಅಂತ ಎಣಿಸುತ್ತಾ ಕೂತರು.

ಗಜನ್ ಮೀನು ಗಟ್ಟಿ ಜೀವ. ಅದು ಸಹಿಸಿಕೊಳ್ಳೋ ಯುರೇನಿಯಂನ ಸಣ್ಣದೊಂದು ಪಾಲಿಗೇ ಚಿಗಟ ಮರಿ ಹಾಕೋದು ಕಮ್ಮಿ ಮಾಡ್ತಿತ್ತು. ಮೀನನ್ನಷ್ಟೇ ನೋಡಿದ್ದರೆ? ಎಲ್ಲವನ್ನೂ ಸೇರಿಸಿ ಹೊಳೆಗೆ ಹಾಕಿದ ಮಿತಿ ಲೀಟರಿಗೆ 6 ಮೈಕ್ರೋಗ್ರಾಂ. ಬಸವನಹುಳು, ಜೌಗಿನ ಪುಟ್ಟ ತೇಲುಗಿಡದ ಲೆಕ್ಕವೂ ಸೇರಿದ ಮೇಲೆ ಮಾರ್ಗಸೂಚಿ 2.8ಕ್ಕೆ ಇಳಿಯಿತು. ಮನುಷ್ಯರು ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 30!

ಇನ್ನೊಂದು ಅಚ್ಚರಿ ಮೆಗ್ನೀಸಿಯಂದು. ಬೇರೆ ಕಡೆ ಅದನ್ನು ಯಾರೂ ವಿಷ ಅನ್ನಲ್ಲ. ಮಗೇಲಾದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಇರೋದ್ರಿಂದ, ಗಣಿಯಿಂದ ಜಿನುಗೋ ಮೆಗ್ನೀಸಿಯಂ ಸಲ್ಫೇಟೇ ಅಲ್ಲಿನ ಜೀವಿಗಳಿಗೆ ಕುತ್ತು ಅಂತ ಗೊತ್ತಾಯ್ತು. 2021ರಲ್ಲಿ ಗಣಿ ನಿಂತಿತು. ನೆಲವನ್ನು ಮೊದಲಿನಂತೆ ಮಾಡೋ ಕೆಲಸ ಮುಂದುವರಿದಿದೆ. ಮಳೆಗಾಲದಲ್ಲಿ ಹೊಳೆಗೆ ಎಷ್ಟು ಮೆಗ್ನೀಸಿಯಂ ಸೇರಬಹುದು ಅನ್ನೋ ಮಿತಿ ಬಂದಿದ್ದೂ ಇದೇ ಚಿಗಟ, ಹೈಡ್ರಾಗಳಿಂದ.